ಮಲಗಿದವನಿಗೆ ಮುಯ್ಯಿ

"ಈ ಸಲ ಇಡೀ ಜಗಳೂರನ್ನ ಅಳಿಸಿಬಿಡ್ತೀನಿ!" ಎಂದು ಘೋಷಿಸಿದೆ.

"ಯಾಕ್ರೀ, ನಕ್ಷೇದಾಗೆ ಇರೋದು ಬ್ಯಾಡಾ?" ಎಂದಳು ಹೆಂಡತಿ ಪ್ರೇಮ, ರೊಟ್ಟಿ ತಟ್ಟುತ್ತಾ.

ಇಂಥ ಮನೆಯಲ್ಲಿ ಗಂಭೀರ ಸಾಹಿತ್ಯ ಹುಟ್ಟುವುದು ಹೇಗೆ, ನೀವೇ ಹೇಳಿ! ಆದರೂ ಹುಟ್ಟಿತು. ೧೯೭೮ರಲ್ಲಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಈ ಮಹೇಶ್ವರಪ್ಪ ಅಪ್ಪಟ ದುರಂತ ನಾಟಕವೊಂದನ್ನು ಬರೆದೇಬಿಟ್ಟ. ಅದರ ನಾಯಕ ನಾನೇ, ಕೊನೆಯಲ್ಲಿ ವಿಷ ಕುಡಿದು ಸಾಯುವವನೂ ನಾನೇ. ಊರಿನವರ ಮಾತು ಬಿಡಿ, ನನ್ನ ಒಂದು ನಾಟಕಕ್ಕೂ ಹನಿ ಕಣ್ಣೀರು ಹಾಕದ ಪ್ರೇಮಳನ್ನು ಅಳಿಸಬೇಕೆಂಬುದೇ ನನ್ನ ಹಠವಾಗಿತ್ತು.

"ಕೇಳಿಲ್ಲಿ," ಎಂದೆ. "ಕಾಮಿಡಿಯಾಗೆ ಸಾಮಾನ್ಯ ಮನುಷ್ಯ ಎಡವಿ ಬೀಳ್ತಾನೆ, ಮೈ ಕೊಡವಿಕೊಂಡು ಏಳ್ತಾನೆ. ಟ್ರ್ಯಾಜಿಡಿಯಾಗೆ ಮಹಾಪುರುಷ ತನ್ನ ಒಂದೇ ಒಂದು ದೋಷದಿಂದ ಬೀಳ್ತಾನೆ. ಬಿದ್ದರೆ ಏಳಂಗೇ ಇಲ್ಲ!"

"ಒಂದೇ ದೋಷಾನಾ? ಹಂಗಾರೆ ಆ ಪಾರ್ಟು ನಿಮಗೆ ಹೆಂಗೆ ಹೊಂದತೈತೆ?"

ಉತ್ತರವಾಗಿ ನಡುಮನೆಯಲ್ಲೇ ದೊಪ್ಪನೆ ಬಿದ್ದು ಸತ್ತು ತೋರಿಸಿದೆ. ಅವಳು ಪೊರಕೆ ಹಿಡಿದು ಬಂದಳು. "ಸತ್ತಿದ್ದು ಆಯ್ತಾ? ವಸಿ ಆಕಡೆ ಸರೀರಿ, ಕಸ ಗುಡಿಸಬೇಕು."

ಇರಲಿ! ನಾಟಕದ ದಿನ ಬಂತು. ಊರೆಲ್ಲ ಬಂದು ಕೂತಿತ್ತು. ನನ್ನ ಮರಣದ ಮಾತುಗಳನ್ನು ಎಷ್ಟು ಅಮೋಘವಾಗಿ ಆಡಿದೆನೆಂದರೆ, ಬೀಡಿ ಸೇದುವವರು ಸೇದುವುದನ್ನೇ ಮರೆತರು! ಸತ್ತು ಬಿದ್ದು, ಅರೆಗಣ್ಣಲ್ಲಿ ಹೆಂಗಸರ ಕಡೆ ನೋಡಿದೆ. ಮೊದಲ ಸಾಲಿನಲ್ಲಿ ಕೂತಿದ್ದ ಪ್ರೇಮಳ ತುಟಿ ಅದುರುತ್ತಿತ್ತು. ಇನ್ನೊಂದು ಕ್ಷಣ, ಗೆದ್ದೆ!

ಅಷ್ಟರಲ್ಲಿ ಹಾರ್ಮೋನಿಯಂ ಸಣ್ಣಪ್ಪ ಮೈಕಿಗೆ ಬಾಯಿಟ್ಟ. "ನಮ್ಮ ನಾಯಕ ಪಾತ್ರಧಾರಿಗಳಿಗೆ ಅವರ ಮಾವನೋರು, ನಲ್ಲೂರಿನ ಮುರುಗೇಶಪ್ಪನವರಿಂದ ಮುಯ್ಯಿ!"

ನಮ್ಮ ಕಡೆಯ ಪದ್ಧತಿ ಅದು. ನೆಂಟರು ನಾಟಕದ ನಡುವೆಯೇ ವೇದಿಕೆ ಹತ್ತಿ, ಪಾತ್ರಧಾರಿಗೆ ಹಾರ ಹಾಕಿ ಪಂಚೆ ಹೊದಿಸುತ್ತಾರೆ. ನಾಟಕ ನಿಂತರೂ ಮುಯ್ಯಿ ನಿಲ್ಲುವಂತಿಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿ ಬಂದ ನನ್ನ ಮಾವನಿಗೆ ಕಥೆಯ ತಲೆಬುಡ ಗೊತ್ತಿಲ್ಲ. ಮಾರುದ್ದದ ಸೇವಂತಿಗೆ ಹಾರ ಹಿಡಿದು ನನ್ನ ಮೇಲೆ ಬಾಗಿದರು.

"ಅಳಿಯಂದ್ರೇ, ದಣಿದೀರೇನು?"

"ಮಾವಾ, ನಾನು ಸತ್ತಿದ್ದೀನಿ, ಆಮೇಲೆ ಬರ್ರಿ!" ಎಂದು ಪಿಸುಗುಟ್ಟಿದೆ. ಹಾಳಾದ ಮೈಕು! ಅದೂ ಊರಿಗೆಲ್ಲ ಕೇಳಿಸಿತು.

ಮಾವ ಹಾರವನ್ನು ನನ್ನ ಎದೆಯ ಮೇಲೆ ಇನ್ನೇನು ಇಡಬೇಕು, ಹೆಂಗಸರ ಕಡೆಯಿಂದ ಚೀರಾಟ ಎದ್ದಿತು.

"ಅಪ್ಪಾ! ಮಲಗಿದೋರಿಗೆ ಹಾರ ಹಾಕಬ್ಯಾಡ! ಏನ್ರೀ, ಏಳ್ರೀ ಮ್ಯಾಕೆ!"

ಪ್ರೇಮ ನಿಂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಮಹಾಪುರುಷ ಏನು ಮಾಡಿಯಾನು? ಎದ್ದ! ಹಾರಕ್ಕೆ ಕೊರಳು ಕೊಟ್ಟ, ಪಂಚೆ ಹೊದ್ದ, ಮಾವನ ಕಾಲಿಗೂ ಬಿದ್ದ. ಜನ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದರು.

ಮತ್ತೆ ಸಾಯೋಣವೆಂದರೆ ಚೊಂಬಿನಲ್ಲಿ ಒಂದು ಗುಟುಕು ವಿಷವೂ ಉಳಿದಿರಲಿಲ್ಲ. ವಿಧಿಯಿಲ್ಲದೆ ಹಾರ, ಪಂಚೆ ಸಮೇತ ಹಾಗೇ ಮೆಲ್ಲಗೆ ಮಲಗಲು ಹೋದೆ.

"ಮಲಗಬ್ಯಾಡ್ರೀ ಮೇಷ್ಟ್ರೇ, ಇನ್ನೊಂದು ಮುಯ್ಯಿ ಐತೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನನ್ನ ದುರಂತ ಅಲ್ಲಿಗೆ ನಿಜವಾಗಿಯೂ ಸತ್ತಿತು.

ಆದರೂ ಮನೆಗೆ ಬರುವಾಗ ನನ್ನ ಎದೆ ಉಬ್ಬಿಯೇ ಇತ್ತು. ಊರು ನಕ್ಕರೆ ನಗಲಿ, ಗೆಲ್ಲಬೇಕಾದ ಒಂದು ಜೋಡಿ ಕಣ್ಣನ್ನು ಗೆದ್ದಿದ್ದೆನಲ್ಲ!

"ಒಪ್ಪಿಕೋ ಪ್ರೇಮಾ, ಅತ್ತೆಯಾ ಇಲ್ಲವಾ? ಅದೇ ಟ್ರ್ಯಾಜಿಡಿಯ ಶಕ್ತಿ!"

ಅವಳು ನನ್ನ ಕೊರಳಿನ ಹಾರ ತೆಗೆದು, ಬಾಗಿಲ ಮೊಳೆಗೆ ನೇತುಹಾಕಿದಳು.

"ನಿಮ್ಮ ನಾಟಕಕ್ಕೆ ಯಾರು ಅತ್ತರು? ಅಪ್ಪನ ಕೈಯಾಗಿನ ಹಾರ ನೋಡಿ ಜೀವ ಬಾಯಿಗೆ ಬಂತು, ಅತ್ತೆ. ಮಲಗಿದೋರಿಗೆ ಹಾರ ಹಾಕಿದ್ರೆ ಟ್ರ್ಯಾಜಿಡಿ, ನಿಂತೋರಿಗೆ ಹಾಕಿದ್ರೆ ಕಾಮಿಡಿ. ಇಷ್ಟು ಹೇಳಾಕೆ ಒಂದು ನಾಟಕ ಬರೀಬೇಕಿತ್ತಾ?"