ಮೀಸೆಯಿದ್ದವರ ಬಾಣಂತನ

ನನ್ನ ಬಾಣಂತನ ಮಾಡಿದವರಿಗೆ ಮೀಸೆಯಿದೆ! ಸಣ್ಣಪುಟ್ಟ ಮೀಸೆಯಲ್ಲ. ಎರಡೂ ತುದಿ ತಿರುವಿದ, ವಾರಕ್ಕೊಮ್ಮೆ ಕತ್ತರಿ ಕಾಣುವ, ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರರಿಂದ ಸೆಲ್ಯೂಟ್ ಹೊಡೆಸಿಕೊಂಡ ಮೀಸೆ. ನಂಬುವುದಿಲ್ಲವೇ? ನೋಯಿಡಾದ ನಮ್ಮ ಸೊಸೈಟಿಯ ಹೆಂಗಸರೂ ನಂಬಲಿಲ್ಲ. ಅವಳಿ ಮಕ್ಕಳನ್ನು ನೋಡಲೆಂದು ಲಿಫ್ಟ್ ಹತ್ತಿ ಬಂದವರು, ಬಾಣಂತಿಯನ್ನೂ ಮಕ್ಕಳನ್ನೂ ಬಿಟ್ಟು ಅವರನ್ನೇ ಕಣ್ತುಂಬ ನೋಡಿಕೊಂಡು ಹೋದರು.

ಅವರು ನನ್ನ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ. ದಾವಣಗೆರೆಯಲ್ಲಿ ಓದು ಮುಗಿಸಿ ಫರೀದಾಬಾದಿಗೆ ಬಂದು, ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗ ಸೇರಿ, ಅಲ್ಲೇ ರಿಟೈರ್ ಆದವರು. ಅಂದರೆ ಬೇರೆಯವರು ಮಾಡಿದ್ದನ್ನು ನೋಡಿ "ಇದು ಸರಿಯಿಲ್ಲ" ಎಂದು ಹೇಳುವುದಕ್ಕೇ ಸಂಬಳ ತೆಗೆದುಕೊಂಡವರು! ಇಂಥವರು ಮದುವೆಯಾಗದೆ ಉಳಿದದ್ದು ಯಾವ ಹೆಣ್ಣಿನ ಪುಣ್ಯವೋ. ಯಾಕೆ ಆಗಲಿಲ್ಲ ಎಂದು ಕೇಳಿದರೆ ಮಾತ್ರ, "ಹುಡುಗಿ ಕಡೆಯವರ ಇನ್ಸ್‌ಪೆಕ್ಷನ್‌ನಲ್ಲಿ ನಾನೇ ರಿಜೆಕ್ಟ್ ಆದೆ" ಎಂದು ತಾವೇ ಮೊದಲು ನಗುತ್ತಾರೆ.

ನನ್ನ ಬಾಣಂತನಕ್ಕೆ ದಾವಣಗೆರೆಯಿಂದ ಅಮ್ಮ ಬರುವುದೆಂದು ನಿಶ್ಚಯವಾಗಿತ್ತು. ಟಿಕೆಟ್ ಆಗಿತ್ತು, ಅಂಟು, ಕೊಬ್ಬರಿ, ಒಣಶುಂಠಿಗಳ ಗಂಟು ಕಟ್ಟಿಯಾಗಿತ್ತು. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ನನ್ನ ಗಂಡನಿಗೆ ತಾಯಿಯಿಲ್ಲ. ಇರುವುದು ಧಾರವಾಡದಲ್ಲಿ ಒಬ್ಬರು ಸೋದರತ್ತೆ, ಎಂಥ ಬಾಣಂತನವನ್ನೂ ಫೋನಿನಲ್ಲೇ ಮಾಡಿ ಮುಗಿಸುವವರು. ಇನ್ನೇನು ಮಾಡುವುದೆಂದು ನಾವು ತಲೆಯ ಮೇಲೆ ಕೈ ಹೊತ್ತು ಕೂತಾಗ ಚಿಕ್ಕಪ್ಪನ ಫೋನು ಬಂತು. "ನಾನಿದ್ದೀನಲ್ಲ?"

ಕಾನ್ಫರೆನ್ಸ್ ಕಾಲಿನಲ್ಲಿದ್ದ ಅಮ್ಮ ಹೌಹಾರಿದರು. "ನೀನಾ? ಯಾವತ್ತಾದ್ರೂ ಒಂದು ಮಗು ಎತ್ಕೊಂಡಿದ್ದೀಯೇನಪ್ಪಾ?"

"ಇಲ್ಲ ಅತ್ತಿಗೆ. ಆದ್ರೆ ಟ್ರ್ಯಾಕ್ಟರಿನ ಕ್ರ್ಯಾಂಕ್‌ಶಾಫ್ಟ್ ಎತ್ತಿದ್ದೀನಿ. ಒಂದನ್ನೂ ಬೀಳಿಸಿಲ್ಲ."

ಈ ಅರ್ಹತೆಯ ಮೇಲೆ ಅವರ ನೇಮಕವಾಯಿತು!

ನಾವು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವರೂ ಬಂದರು. ತಲೆಗೆ ಮಂಕಿ ಕ್ಯಾಪ್, ಬೆನ್ನಿಗೊಂದು ಚೀಲ, ಕೈಗೊಂದು ಚೀಲ. ಬರುವ ದಾರಿಯಲ್ಲಿ ಮೆಟ್ರೋ ಸ್ಟೇಷನ್ನಿನ ತಪಾಸಣೆಯವನು ಚೀಲದಲ್ಲಿದ್ದ ಬಜೆ ಬೇರನ್ನು ಹಿಡಿದು "ಯೇ ಕ್ಯಾ ಹೈ?" ಎಂದನಂತೆ. ತಪಾಸಣೆಯವರನ್ನು ಕಂಡರೆ ಚಿಕ್ಕಪ್ಪನಿಗೆ ಮೊದಲೇ ಸ್ವಂತ ಜಾತಿಯವರನ್ನು ಕಂಡಷ್ಟು ಪ್ರೀತಿ. ಮಗುವಿಗೆ ಬಜೆ ತೇಯುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದಾರೆ. ಹಿಂದೆ ನಿಂತಿದ್ದ ಸಾಲು ಗೊಣಗತೊಡಗಿದ ಮೇಲೆ ಅವನೇ ಕೈಮುಗಿದು ಕಳಿಸಿಕೊಟ್ಟನಂತೆ. ಅಷ್ಟು ಕಷ್ಟಪಟ್ಟು ತಂದ ಬಜೆಯನ್ನು ನಾನು ಡಾಕ್ಟರ ಹೆಸರು ಹೇಳಿ ಒಂದೇ ಮಾತಿನಲ್ಲಿ ರಿಜೆಕ್ಟ್ ಮಾಡಿದೆ. ಮೀಸೆ ಸ್ವಲ್ಪ ಇಳಿಯಿತು.

ಡಾಕ್ಟರು ಹೇಳಿದ್ದು ಅದೊಂದೇ ಆಗಿದ್ದರೆ ಚೆನ್ನಾಗಿತ್ತು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಗಟ್ಟಿಗಿತ್ತಿ, ಹುಟ್ಟಿದಾಗಲೇ ವಾರ್ಡ್ ಹಾರಿಹೋಗುವಂತೆ ಅತ್ತವಳು. ಚಿಕ್ಕವಳು ಮಾತ್ರ ತೀರ ಸಣ್ಣಗಿದ್ದಳು. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ದಣಿದು ನಿದ್ದೆ ಹೋಗುತ್ತಿದ್ದಳು. "ಸೋಮವಾರ ಕರೆದುಕೊಂಡು ಬನ್ನಿ. ಎರಡು ಕಿಲೋ ದಾಟಿರಬೇಕು, ಇಲ್ಲದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮತ್ತೆ ಆ ಗಾಜಿನ ಪೆಟ್ಟಿಗೆ, ಆ ನಳಿಕೆಗಳು! ಹುಟ್ಟಿದ ಮೊದಲ ದಿನಗಳನ್ನು ಅವಳು ಅಲ್ಲೇ ಕಳೆದಿದ್ದಳು.

ಚಿಕ್ಕಪ್ಪ ಇದನ್ನು ಕೇಳಿ, ಹೋಗಿ ಕೈ ತೊಳೆದುಕೊಂಡು ಬಂದರು. ಆಮೇಲೆ ಮಕ್ಕಳ ಮುಂದೆ ಬಗ್ಗಿ, ಇನ್ನೂ ಹೆಸರಿಡದ ಆ ಇಬ್ಬರಿಗೂ ತಾವೇ ಹೆಸರು ಕೊಟ್ಟರು. "ಏನಮ್ಮಾ ದೊಡ್ಡಮ್ಮಾ, ಆರಾಮಾ? ಏನಮ್ಮಾ ಚಿಕ್ಕಮ್ಮಾ, ಹಾಲು ಕುಡೀಬೇಕಂತಲ್ಲ, ಯಾಕೆ ಸೋಮಾರಿತನ?"

ಅಲ್ಲಿಂದ ನಮ್ಮ ಮನೆ ಕಾರ್ಖಾನೆಯಾಯಿತು. ಆಫೀಸಿನಿಂದ ಬಂದ ನನ್ನ ಗಂಡ ಬಾಗಿಲಲ್ಲಿ ಹಾಸಿದ ಪೇಪರಿನ ಮೇಲೆ ನಿಂತು, ಕೋಟು ಬಿಚ್ಚಿ, ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. "ಚಿಕ್ಕಪ್ಪಾ, ಇದು ನನ್ನ ಮನೆ. ಇಎಂಐ ಕಟ್ಟೋನು ನಾನು" ಎಂದು ಅವನು ಒಂದು ದಿನ ಚಳಿಯಲ್ಲಿ ನಡುಗುತ್ತ ಹೇಳಿದ. "ಅಚ್ಛಾ! ಹಾಗಾದ್ರೆ ಎರಡು ಸಲ ತೊಳ್ಕೋ, ಮಾಲೀಕರೇ ಮಾದರಿಯಾಗಿರಬೇಕು" ಎಂದರು ಚಿಕ್ಕಪ್ಪ. ಮಕ್ಕಳನ್ನು ಒಬ್ಬರ ಕೈಯಿಂದ ಒಬ್ಬರಿಗೆ ಕೊಡುವುದು ಶಿಫ್ಟ್ ಬದಲಾದಂತೆ ನಡೆಯುತ್ತಿತ್ತು. "ಇದು ಒಣಗಿದೆ, ಓಕೆ. ಇದು ಒದ್ದೆ, ರೀವರ್ಕ್!"

ಅಡುಗೆಯ ಕಥೆ ಬೇರೆಯೇ. ಬಾಣಂತಿಗೆ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು ಮಾಡುವುದನ್ನು ಅಮ್ಮ ದಾವಣಗೆರೆಯಿಂದ ವಿಡಿಯೋ ಕಾಲಿನಲ್ಲಿ ಕಲಿಸಬೇಕು. ಫೋನು ಉಪ್ಪಿನ ಡಬ್ಬಕ್ಕೆ ಒರಗಿ ನಿಂತಿತು.

"ಬೆಳ್ಳುಳ್ಳಿ ಎಷ್ಟು ಅತ್ತಿಗೆ?"

"ಒಂದು ಹಿಡಿ."

"ಯಾರ ಹಿಡಿ?"

"ಹಿಡಿ ಅಂದ್ರೆ ಹಿಡಿ ಕಣಪ್ಪಾ! ನನ್ನ ಹಿಡಿ ಅಂತ ಇಟ್ಕೋ."

"ತೋರಿಸಿ."

ಅಮ್ಮ ಮುಷ್ಟಿ ಕಟ್ಟಿ ಕ್ಯಾಮೆರಾದ ಮುಂದೆ ಹಿಡಿದರು. ಚಿಕ್ಕಪ್ಪ ಸ್ಕೇಲು ತಂದು ಫೋನಿನ ಪರದೆಯ ಮೇಲಿಟ್ಟು ಅಳೆದರು! "ಕೈ ಹಿಂದೆಮುಂದೆ ಮಾಡಬೇಡಿ ಅತ್ತಿಗೆ, ಅಳತೆ ತಪ್ಪುತ್ತೆ" ಎಂದು ಗದರಿದರು. ಪ್ಲಾಸ್ಟರ್ ಹಾಕಿದ ಕಾಲನ್ನು ಚಾಚಿಕೊಂಡು ಕೂತ ಅಮ್ಮ, ಸಾರು ಕುದಿಯುವವರೆಗೂ ಮುಷ್ಟಿ ಹಿಡಿದೇ ಇದ್ದರಂತೆ. ಇಷ್ಟೆಲ್ಲ ಆಗಿ ಬಂದ ಸಾರನ್ನು ಕುಡಿದು ನನ್ನ ಕಣ್ಣು ಮೂಗು ಎಲ್ಲ ಸುರಿದವು. ರುಚಿಯಾಗಿತ್ತು ಎಂಬುದನ್ನು ಮಾತ್ರ ನಾನು ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ.

ಎರೆಯುವ ಶಾಸ್ತ್ರ ಇನ್ನೂ ಬಾಕಿಯಿತ್ತಲ್ಲ! ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕಬೇಕು. ಚಿಕ್ಕಪ್ಪ ನೇರ ಮಗುವಿಗೆ ಕೈ ಹಾಕಲಿಲ್ಲ. ಮೊದಲು ಒಂದು ಸೋರೆಕಾಯಿ ತಂದು, ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಕಾಲ ಮೇಲಿಟ್ಟುಕೊಂಡು ಬಿಸಿನೀರು ಹಾಕಿ ಅಭ್ಯಾಸ ಮಾಡಿದರು. ಮೊದಲ ದಿನ ಸೋರೆಕಾಯಿ ಜಾರಿ ಬಚ್ಚಲ ಮೂಲೆ ಸೇರಿತು. "ರಿಜೆಕ್ಟ್" ಎಂದು ತಮಗೆ ತಾವೇ ಹೇಳಿಕೊಂಡರು. ಮರುದಿನ ಅದು ಜಾರಲಿಲ್ಲ. ಸ್ನಾನ ಮುಗಿಸಿದ ಸೋರೆಕಾಯಿಯನ್ನು ಟವೆಲಿನಲ್ಲಿ ಸುತ್ತಿ, ಹಣೆ ಒರೆಸಿ, ಹಾಸಿಗೆಯ ಮೇಲೆ ಮಲಗಿಸಿ ಬಂದಿದ್ದರು! ಆಫೀಸಿನಿಂದ ಬಂದ ನನ್ನ ಗಂಡ, ಮಗು ಮಲಗಿದೆಯೆಂದು ಅರ್ಧ ಗಂಟೆ ಸದ್ದು ಮಾಡದೆ ತುದಿಗಾಲಲ್ಲಿ ಓಡಾಡಿದ. ಆ ಸೋರೆಕಾಯಿಯ ಪಲ್ಯ ತಿನ್ನಲು ಆಮೇಲೆ ನಮಗ್ಯಾರಿಗೂ ಮನಸ್ಸು ಬರಲಿಲ್ಲ.

ಸ್ನಾನದ ಭಾಗ್ಯ ದೊಡ್ಡವಳಿಗೆ ಮಾತ್ರ. ತೂಕ ಬರುವವರೆಗೆ ಚಿಕ್ಕವಳ ಮೈ ಒರೆಸಿದರೆ ಸಾಕೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಚಿಕ್ಕಪ್ಪ ದಿನವೂ ಅವಳ ಬಳಿ ಕ್ಷಮೆ ಕೇಳುತ್ತಿದ್ದರು. ಬಿಸಿಲು ಬಂತೆಂದರೆ ಬಾಲ್ಕನಿಯ ಕುರ್ಚಿಯಲ್ಲಿ ಅವಳನ್ನು ತಮ್ಮ ಸ್ವೆಟರಿನೊಳಗೆ ಎದೆಗವಚಿಕೊಂಡು ಗುಂಡಿ ಹಾಕಿಕೊಂಡು ಕೂರುತ್ತಿದ್ದರು. ಮೇಲೆ ಒಂದು ಮಂಕಿ ಕ್ಯಾಪ್, ಕೆಳಗೆ ಒಂದು ಪುಟ್ಟ ಟೊಪ್ಪಿಗೆ. ಎದುರು ಟವರಿನ ಆಂಟಿಯೊಬ್ಬರು ಕೂಗಿ ಕೇಳಿಯೇ ಬಿಟ್ಟರು: "ಭಾಯಿಸಾಬ್, ಸ್ವೆಟರ್ ಮೇಂ ಕ್ಯಾ ಹೈ?"

"ಚಿಕ್ಕಮ್ಮ!" ಎಂದು ಇವರು ಕನ್ನಡದಲ್ಲೇ ಕೂಗಿದರು.

ಸಾಂಬ್ರಾಣಿಯ ಪ್ರಸಂಗವನ್ನು ನಾನು ಹೇಳಬಾರದೆಂದಿದ್ದೆ. ಮಕ್ಕಳ ಹತ್ತಿರ ಹೊಗೆ ಸುಳಿಯಕೂಡದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಆದರೆ ನನ್ನ ತಲೆಗೂದಲಿಗೆ? ಅಡುಗೆಮನೆಯ ಬಾಲ್ಕನಿಯಲ್ಲಿ ನನ್ನನ್ನು ಕೂರಿಸಿ, ಹಿಂದೆ ಬಾಗಿಲು ಹಾಕಿ, ಕೆಂಡದ ಮೇಲೆ ಹಾಕಿದರು ನೋಡಿ ಸಾಂಬ್ರಾಣಿ! ಹೊಗೆ ನಮ್ಮ ಮನೆಯೊಳಗೆ ಬರಲಿಲ್ಲ, ನಿಜ. ಮೇಲಿನ ಮನೆಗೆ ಹೋಯಿತು. ಅವರು ಗಾರ್ಡಿಗೆ ಫೋನು ಮಾಡಿದರು. ಗಾರ್ಡು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತು ಏದುಸಿರು ಬಿಡುತ್ತ ಬಂದ. ಚಿಕ್ಕಪ್ಪ ಅವನನ್ನು ತಡೆದು, ಎದುರಿನ ಟವರೇ ಕಾಣದಂತೆ ಕವಿದಿದ್ದ ದೆಹಲಿಯ ಮಬ್ಬಿನ ಕಡೆ ಕೈ ತೋರಿಸಿ ಹಿಂದಿಯಲ್ಲಿ ಕೇಳಿದರು: ಇಷ್ಟು ದೊಡ್ಡ ಹೊಗೆಗೆ ಸಿಲಿಂಡರ್ ತರದವನು ನನ್ನ ಒಂದು ಚಿಟಿಕೆ ಸಾಂಬ್ರಾಣಿಗೆ ತಂದೆಯಾ? ಗಾರ್ಡು ತಲೆ ಕೆರೆದುಕೊಂಡು ಹೋದ. ನಾನು ಮಾತ್ರ ಎರಡು ದಿನ ದೇವಸ್ಥಾನದಂತೆ ಘಮಗುಟ್ಟುತ್ತಿದ್ದೆ.

ಸೋಮವಾರ ಹತ್ತಿರ ಬಂದಂತೆ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ, ಗೇಟಿನ ಬಳಿ ತರಕಾರಿ ಮಾರುವ ಭಯ್ಯಾ ತನ್ನ ಎಲೆಕ್ಟ್ರಾನಿಕ್ ತಕ್ಕಡಿ ಎತ್ತಿಕೊಂಡು ನಿಂತಿದ್ದಾನೆ! ಅವನ ಕೈ ಮೂರು ಸಲ ತೊಳೆಸಿ, ತಕ್ಕಡಿಯನ್ನು ಒರೆಸಿ, ಮೇಲೆ ಮೆತ್ತನೆಯ ಬಟ್ಟೆ ಹಾಸಿದರು. ಆದರೆ ತಕ್ಕಡಿಯನ್ನು ಪರೀಕ್ಷೆ ಮಾಡದೆ ನಂಬುವುದುಂಟೇ? ಅಡುಗೆಮನೆಯಿಂದ ಒಂದು ಕಿಲೋ ಸಕ್ಕರೆಯ ಪ್ಯಾಕೆಟ್ ತಂದಿಟ್ಟರು. ಸ್ವಲ್ಪ ಕಡಿಮೆ ತೋರಿಸಿತು. ಚಿಕ್ಕಪ್ಪ ಭಯ್ಯಾನ ಮುಖ ನೋಡಿದರು. ಭಯ್ಯಾ ಅವಮಾನದಿಂದ ಕುದ್ದು, ಕೆಳಗೆ ಹೋಗಿ ತನ್ನ ಮುದ್ರೆ ಬಿದ್ದ ಕಬ್ಬಿಣದ ತೂಕದ ಬಟ್ಟನ್ನೇ ತಂದಿಟ್ಟ. ಸರಿಯಾಗಿ ಒಂದು ಕಿಲೋ! ತಕ್ಕಡಿ ಸರಿಯಾಗಿತ್ತು, ಸಕ್ಕರೆಯೇ ಕಡಿಮೆಯಿತ್ತು. ಚಿಕ್ಕಪ್ಪ ಅವನ ಕೈಹಿಡಿದು ಕ್ಷಮೆ ಕೇಳಿದರು.

ಆಮೇಲೆ ಚಿಕ್ಕವಳನ್ನು ಮಲಗಿಸಿದರು.  ಭಯ್ಯಾ ಅಂಕಿ ನೋಡಿ, ತನ್ನ ಕಣ್ಣಳತೆಯಲ್ಲಿ ತೀರ್ಪು ಕೊಟ್ಟ: "ದೋ ಕಿಲೋ ಮೇಂ ಏಕ್ ಆಲೂ ಕಮ್ ಹೈ, ಅಂಕಲ್‌ಜೀ." ಎರಡು ಕಿಲೋಗೆ ಒಂದು ಆಲೂಗಡ್ಡೆಯಷ್ಟು ಕಡಿಮೆ! ಹೋಗುವಾಗ ಅಭ್ಯಾಸಬಲದಿಂದ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಕೊಟ್ಟು ಹೋದ. ನಾನು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಮಗು ತರಕಾರಿಯಲ್ಲ, ಇನ್ನು ಸೋಮವಾರದವರೆಗೆ ತೂಗಕೂಡದು ಎಂದು ಚಿಕ್ಕಪ್ಪನ ಮೇಲೆ ಕೂಗಾಡಿದೆ.

ಅದೇ ಮಧ್ಯಾಹ್ನ ಧಾರವಾಡದ ಸೋದರತ್ತೆಯ ಫೋನು. ನನ್ನ ಗಂಡ ಮಗುವನ್ನು ಎತ್ತಿಕೊಂಡಿದ್ದರಿಂದ ಸ್ಪೀಕರಿಗೆ ಹಾಕಿದ್ದ. "ಏನೋ ಇದು! ಗಂಡಸರ ಕೈಯಾಗ ಬಾಣಂತನಾ? ಅದೂ ಲಗ್ನಾ ಆಗಲಾರದವರ ಕೈಯಾಗ? ಕೂಸಿನ ತೂಕಾ ಇಳೀತು ಅಂದ್ರ ಯಾರು ಜವಾಬ್ದಾರಿ?" ಅವನು ಫೋನಿಗೆ ಹಾರುವಷ್ಟರಲ್ಲಿ ಮಾತು ಮುಗಿದಿತ್ತು. ಚಿಕ್ಕಪ್ಪ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವರು ಹರವುತ್ತಲೇ ಇದ್ದರು.

ಸಂಜೆ ನನ್ನ ಮುಂದೆ ಹಾಲಿನ ಲೋಟ ಇಟ್ಟು ಮೆಲ್ಲಗೆ ಹೇಳಿದರು. "ನಿಮ್ಮಮ್ಮ ಬಂದಿದ್ರೆ ಇವಳು ಇಷ್ಟು ಹೊತ್ತಿಗೆ ಮೈ ಕೈ ತುಂಬ್ಕೊತಿದ್ದಳೋ ಏನೋ. ನಾನು ಸುಮ್ನೆ ಜಂಬ ಮಾಡ್ಕೊಂಡು ಬಂದುಬಿಟ್ಟೆ."  ಆಮೇಲಿನ ಎರಡು ದಿನ ಮನೆಯಲ್ಲಿ "ರಿಜೆಕ್ಟ್" ಎನ್ನುವ ಶಬ್ದವೇ ಕೇಳಲಿಲ್ಲ. ಗೇಟಿನಲ್ಲಿ ಭಯ್ಯಾ "ಆಲೂ ಪೂರಾ ಹುವಾ?", ಆಲೂಗಡ್ಡೆಯ ಕೊರತೆ ತುಂಬಿತೇ, ಎಂದು ಕೇಳಿದರೆ ಅವರು ತಲೆ ತಗ್ಗಿಸಿ ನಡೆದುಬಂದರಂತೆ. ಚಿಕ್ಕವಳು ಎಚ್ಚರವಾದಾಗಲೆಲ್ಲ ಅವಳ ಅಂಗಾಲು ಸವರಿ, ನಿದ್ದೆ ಹೋಗದಂತೆ ಮಾತಾಡಿಸಿ, ಹಾಲು ಕುಡಿಯಲು ನನ್ನ ಮಡಿಲಿಗೆ ತಂದು ಕೊಟ್ಟು, ಬಾಗಿಲ ಆಚೆ ಕಾದು ನಿಲ್ಲುತ್ತಿದ್ದರು.

ಸೋಮವಾರ ಆಸ್ಪತ್ರೆಯಲ್ಲಿ ನರ್ಸ್ ಮಗುವಿನ ಬಟ್ಟೆಯೆಲ್ಲ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದಳು. ಚಿಕ್ಕಪ್ಪ ದೂರದಲ್ಲಿ, ಗೋಡೆಗೆ ಒರಗಿ, ನೋಟಿಸ್ ಬೋರ್ಡ್ ಓದುತ್ತ ನಿಂತಿದ್ದರು. "ದೋ ಕಿಲೋ ಪಾರ್! ಬಹುತ್ ಅಚ್ಛಾ" ಎಂದಳು ನರ್ಸ್. ನನ್ನ ಗಂಡ ನನ್ನ ಭುಜ ಹಿಡಿದುಕೊಂಡ. ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಸಿಸ್ಟರ್, ಇನ್ನೊಂದು ಸಲ ತೂಗ್ತೀರಾ?" ಕನ್ನಡದಲ್ಲಿ ಕೇಳುತ್ತಿರುವುದೂ ಅವರಿಗೆ ತಿಳಿಯಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ಅವಳು ನಕ್ಕು ಇನ್ನೊಮ್ಮೆ ತೂಗಿದಳು. ಎರಡು ದಾಟಿಯೇ ಇತ್ತು.

ನರ್ಸ್ ಮಗುವಿಗೆ ಬಟ್ಟೆ ಸುತ್ತಿ, ಮೀಸೆಯವರ ಕಡೆ ಚಾಚಿ ಕೇಳಿದಳು: "ಆಪ್ ನಾನಾ ಹೈಂ?" ನೀವು ತಾಯಿಯ ತಂದೆಯೇ ಎಂದು.

ಅಪ್ಪ ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ನನ್ನ ಮದುವೆಯಲ್ಲಿ ಫೋಟೋ ತೆಗೆಯುವವನು ಚಿಕ್ಕಪ್ಪನನ್ನು ಅಮ್ಮನ ಪಕ್ಕ ಅಪ್ಪನ ಜಾಗದಲ್ಲಿ ನಿಲ್ಲಿ ಎಂದು ಕರೆದಾಗ, "ಅದು ಅಣ್ಣನ ಜಾಗ" ಎಂದು ಊಟದ ಮನೆಗೆ ಹೋಗಿ, ಕೊನೆಯ ಪಂಕ್ತಿಯವರೆಗೂ ಉಪ್ಪು ಬಡಿಸುತ್ತ ನಿಂತವರು ಅವರು. ಮದುವೆಯ ಒಂದು ಫೋಟೋದಲ್ಲೂ ಅವರಿಲ್ಲ.

ಈಗ ಅವರು ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಮನುಷ್ಯ, ಹೌದೆನ್ನಲು ನನ್ನ ಅಪ್ಪಣೆಗೆ ಕಾಯುತ್ತಿದ್ದರು. 

"ಹಾಂ ಸಿಸ್ಟರ್," ಎಂದೆ ನಾನು. "ಯಹೀ ನಾನಾ ಹೈಂ."

ಅವರು ಎರಡೂ ಕೈ ಚಾಚಿದರು.  ಮಗುವನ್ನು ಸ್ವೆಟರಿನೊಳಗೆ ಸೇರಿಸಿಕೊಂಡು, ನಮ್ಮ ಯಾರ ಕಡೆಯೂ ನೋಡದೆ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದರು: "ಬಾರಮ್ಮಾ, ಅಜ್ಜನ ಹತ್ರ ಬಾ."