ಗಣಪ ಹೆಗಡೆಯ ಪರೋಪಕಾರದ ಮೀಸೆ

ದಿನಾ ಬೆಳಿಗ್ಗೆ ಗಲ್ಲ ನುಣ್ಣಗೆ ಬೋಳಿಸಿಕೊಂಡು ಆಫೀಸಿಗೆ ಹೋಗುತ್ತಿದ್ದ ಮನುಷ್ಯ ಒಂದು ದಿನ ರೇಜರ್ ಕೆಳಗಿಟ್ಟರೆ ಲೋಕಕ್ಕೇನೂ ಆಗಬಾರದು. ಆದರೆ ಗಣಪ ಹೆಗಡೆಯ ಮನೆಯಿರುವ, ಶಿರಸಿ ಪಕ್ಕದ ಇಸಳೂರಿನ ಸಂಗತಿ ಬೇರೆ. ಅಲ್ಲಿ ಹೊಸ ಮನೆ ಕಟ್ಟಿಸಿಕೊಂಡವರೆಲ್ಲ ತಂತಮ್ಮ ಹಳ್ಳಿ ಬಿಟ್ಟು ಬರುವಾಗ ಹಳ್ಳಿಯ ಕಣ್ಣು ಕಿವಿಗಳನ್ನು ಜೊತೆಗೇ ಕಟ್ಟಿಕೊಂಡು ಬಂದಿದ್ದರು. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಅಲ್ಲಿ ಊರಿನ ವಿಷಯವೇ.

ಗಣಪ ಹೆಗಡೆ ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಹೆಡ್ ಕ್ಲಾರ್ಕ್. ಐವತ್ತು ದಾಟಿದವನು. ಹೆಂಡತಿ ಗಂಗಾ ಐವತ್ತರ ಹತ್ತಿರ ಬಂದವಳು, ಒಬ್ಬಳೇ ಮಗಳು ಧಾರವಾಡದಲ್ಲಿ ಓದುತ್ತಿದ್ದಳು. ಅವನ ಗಡ್ಡಕ್ಕೆ ಕಾರಣ ಅದೇ ಆಫೀಸಿನ ಕಂಪ್ಯೂಟರ್ ಆಪರೇಟರ್ ಸುಜಯ. ಹೊರದೇಶಗಳಲ್ಲಿ ನವೆಂಬರ್ ಬಂತೆಂದರೆ ಗಂಡಸರು ನುಣ್ಣಗೆ ಬೋಳಿಸಿಕೊಂಡು ಹೊಸದಾಗಿ ಮೀಸೆ ಬಿಡುತ್ತಾರೆ, ಅದನ್ನು ತೋರಿಸಿ ಗಂಡಸರ ಕಾಯಿಲೆಗಳ ಚಿಕಿತ್ಸೆಗೆ ಹಣ ಎತ್ತುತ್ತಾರೆ ಎಂದು ಅವನು ಇಂಟರ್‌ನೆಟ್‌ನಲ್ಲಿ ಓದಿದ್ದ. ಸಂಘದ ಅಧ್ಯಕ್ಷರನ್ನು ಹಿಡಿದು, ಸಂಘದವರಲ್ಲಿ ಒಬ್ಬನಾದರೂ ಹೊಸದಾಗಿ ಮೀಸೆ ಬಿಟ್ಟು ತಿಂಗಳು ಪೂರ್ತಿ ಉಳಿಸಿಕೊಂಡರೆ ಹುಬ್ಬಳ್ಳಿಯ ತಜ್ಞರನ್ನು ಕರೆಸಿ ಉಚಿತ ತಪಾಸಣಾ ಶಿಬಿರ ಮಾಡಿಸುತ್ತೇವೆಂದು ಮಾತು ತೆಗೆದುಕೊಂಡ. ಸುಜಯನ ಮುಖದಲ್ಲಿ ಮೀಸೆ ಮೊಳೆಯುವ ಲಕ್ಷಣವಿರಲಿಲ್ಲ. ಉಳಿದವರಿಗೆಲ್ಲ ಮೊದಲೇ ಮೀಸೆಯಿತ್ತು. ಆಫೀಸಿನಲ್ಲಿ ನುಣುಪು ಮುಖ ಇದ್ದದ್ದು ಗಣಪ ಹೆಗಡೆಯದೊಂದೇ.

ಅವನು ಒಪ್ಪಿಕೊಂಡದ್ದು ಪರೋಪಕಾರಕ್ಕೆ ಎಂದು ಎಲ್ಲರೂ ಹೊಗಳಿದರು. ನಿಜ ಹೇಳಬೇಕೆಂದರೆ ಅವನಿಗೆ ಒಂದು ವರ್ಷದಿಂದ ಮೂತ್ರದ ತೊಂದರೆ. ರಾತ್ರಿ ನಾಲ್ಕೈದು ಸಲ ಏಳಬೇಕು. ಹೆಂಡತಿ ಕೇಳಿದರೆ ಗೇಟು ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆ ಎನ್ನುತ್ತಿದ್ದ. ಡಾಕ್ಟರ ಬಳಿ ಹೋಗಿ ಬಾಯಿಬಿಟ್ಟು ಹೇಳಲು ನಾಚಿಕೆ. ಕಾಂಪೌಂಡರ್ ಅವನ ಸೋದರತ್ತೆಯ ಮಗ. ಶಿಬಿರವಾದರೆ ನೂರು ಜನರ ನಡುವೆ ತಾನೂ ಒಬ್ಬನಾಗಿ ನಿಂತು ತೋರಿಸಿಕೊಳ್ಳಬಹುದು, ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವನ ಆಸೆಯೆಲ್ಲ ಆ ಶಿಬಿರದ ಮೇಲಿತ್ತು.

ಮೀಸೆಯನ್ನಷ್ಟೇ ಬಿಡುವುದು ಅವನ ಕೈಗೆ ಬಗ್ಗುವ ಕೆಲಸವಾಗಿರಲಿಲ್ಲ. ಮೊದಲ ದಿನಗಳಲ್ಲಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೆರೆದು ಮುಖ ವಾಲಿದ ಹಾಗೆ ಕಾಣತೊಡಗಿದಾಗ, ಪೂರ್ತಿ ಬಿಟ್ಟುಬಿಡಿ, ಚೆನ್ನಾಗಿ ಬೆಳೆದ ಮೇಲೆ ಆಕಾರ ಕೊಡಿಸೋಣ ಎಂದು ಸುಜಯನೇ ಸಲಹೆ ಕೊಟ್ಟ. ಹೀಗೆ ಮೀಸೆಯ ಜೊತೆಗೆ ಗಡ್ಡವೂ ಬಂತು. ತಿಂಗಳ ನಡುವಿನ ಹೊತ್ತಿಗೆ ಗಣಪ ಹೆಗಡೆ, ನಮ್ಮ ಕಡೆಯ ಲೆಕ್ಕದಲ್ಲಿ, ಒಂದೇ ಒಂದು ಅರ್ಥ ಕೊಡುವ ಗಡ್ಡ ಹೊತ್ತು ತಿರುಗುತ್ತಿದ್ದ. ಹೆಂಡತಿ ಬಸುರಿಯಾದರೆ ಹೆರಿಗೆಯಾಗುವ ತನಕ ಗಂಡ ಗಡ್ಡ ತೆಗೆಸುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಆದರೆ ಈ ವಯಸ್ಸಿನಲ್ಲಿ ತನ್ನ ಬಗ್ಗೆ ಯಾರಾದರೂ ಹಾಗೆ ತಿಳಿದಾರು ಎಂದು ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಪಕ್ಕದ ಮನೆಯ ತುಂಗಕ್ಕನಿಗೆ. ಅವತ್ತು ಬೆಳಿಗ್ಗೆ ಅವಳು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ತಂದು ಗಂಗಾಳ ಕೈಗಿಟ್ಟು, ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಎಷ್ಟು ತಿಂಗಳಾತೆ? ಎನ್ನ ಹತ್ರನೂ ಹೇಳಲಾಗಿತ್ತಿಲ್ಯ?"

ಗಂಗಾ ಏನು ಹೇಳಿದರೂ ತುಂಗಕ್ಕ ನಂಬಲಿಲ್ಲ. ಮೂರು ತಿಂಗಳು ತುಂಬುವವರೆಗೆ ಹೇಳಬಾರದು, ತನಗೆ ಅಷ್ಟೂ ತಿಳಿಯದೇ ಎಂದು ಬೆನ್ನು ಸವರಿ ಹೋದಳು. ಹೋಗುವಾಗ ಸಂತೋಷ ತಡೆಯಲಾರದೆ ತವರೂರು ತ್ಯಾಗಲಿಗೆ ಒಂದು ಫೋನು ಹಚ್ಚಿದಳು. ಗಣಪ ಹೆಗಡೆಯ ಊರೂ ಅದೇ ತ್ಯಾಗಲಿ, ಅವನ ಅಪ್ಪ ಅಮ್ಮ ಇರುವುದೂ ಅಲ್ಲಿಯೇ.

ಗಂಗಾ ಸೌಟು ಹಿಡಿದುಕೊಂಡೇ ಜಗುಲಿಗೆ ಬಂದಳು. "ನಿಂಗ ಇವತ್ತು ಆ ಗಡ್ಡ ತೆಗಸ್ಕಂಡೇ ಮನಿಗೆ ಬರವು. ಇಲ್ದಿದ್ರೆ ಆನು ಧಾರವಾಡಕ್ಕೆ ಹೋಗಿ ಮಗಳ ಹಾಸ್ಟೆಲ್ಲಲ್ಲೇ ಇರ್ತೆ."

ತಿಂಗಳು ಮುಗಿಯುವವರೆಗೆ ತಡೆ ಎಂದು ಗಣಪ ಹೆಗಡೆ ಗೋಗರೆದ. ಯಾಕೆ ಎಂದು ಅವಳು ಕೇಳಿದಳು. ಪರೋಪಕಾರ ಎಂದ. ಅಷ್ಟಕ್ಕೆ ಕರಗುವ ಸಿಟ್ಟಲ್ಲ ಅದು. ಇನ್ನುಳಿದ ಕಾರಣ ಹೇಳದೆ ಅವನು ಚೀಲ ಎತ್ತಿಕೊಂಡು ಹೊರಟ.

ಬಸ್‌ಸ್ಟಾಪಿನಲ್ಲಿ ತುಂಗಕ್ಕನ ಗಂಡ ಶಂಭಣ್ಣ ಕಾಯುತ್ತಿದ್ದ. ನಿವೃತ್ತ ಮಾಸ್ತರು, ಅರವತ್ತು ದಾಟಿದವನು. ಅವನ ಮುಗುಳುನಗೆ ನೋಡಿಯೇ ಗಣಪ ಹೆಗಡೆಗೆ ಸುದ್ದಿ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಿತು. ನೀವು ತಿಳಿದ ಹಾಗೇನೂ ಇಲ್ಲ, ಇದು ಗಂಡಸರ ಆರೋಗ್ಯಕ್ಕಾಗಿ ಬಿಟ್ಟದ್ದು ಎಂದು ಬಿಡಿಸಿ ಹೇಳಿದ. ಶಂಭಣ್ಣ ಸುತ್ತ ನೋಡಿ, ಹತ್ತಿರ ಬಂದು, ಕಿವಿಯಲ್ಲಿ ಕೇಳಿದ.

"ಆರೋಗ್ಯ ಚೊಲೋ ಇದ್ದು ಹೇಳಿ ಗೊತ್ತಾತು ಮಾರಾಯ. ಔಷಧ ಯಾವ ವೈದ್ಯರದ್ದು? ಎಂಗೂ ಒಂಚೂರು ಹೇಳು."

ಆಫೀಸಿನಲ್ಲಿ ಪ್ಯೂನ್ ಮೊದಲು ಪೇಡೆ ಕೇಳಿದ, ಆಮೇಲೆ ಕಟಿಂಗ್ ಮಾಡಿಸಿಕೊಂಡು ಬರುತ್ತೇನೆಂದು ಹೋದ. ಗಡ್ಡದ ಕತೆ ಪೂರ್ತಿ ಗೊತ್ತಿದ್ದ ಸಹೋದ್ಯೋಗಿಗಳೂ, ಎರಡೂ ಇರಬಹುದಲ್ಲ ಎಂದರು. ಮಧ್ಯಾಹ್ನ ಧಾರವಾಡದಿಂದ ಮಗಳ ಫೋನು ಬಂತು. ಅಮ್ಮ ಬಸುರಿಯೆಂಬ ಸುದ್ದಿ ಅವಳಿಗೂ ಮುಟ್ಟಿತ್ತು, ಹಲೋ ಎಂದವಳೇ ಅತ್ತಳು. ಗಣಪ ಹೆಗಡೆಗೆ ಅಷ್ಟು ಸಾಕಾಯಿತು. ಶಿಬಿರ ಹಾಳಾಗಿ ಹೋಗಲಿ, ರಾತ್ರಿಯೆಲ್ಲ ಗೇಟು ನೋಡುತ್ತಲೇ ಆಯುಷ್ಯ ಕಳೆದೇನು ಎಂದು ನಿಶ್ಚಯಿಸಿ, ಸುಜಯನಿಗೂ ಹೇಳದೆ ಎದ್ದು ದ್ಯಾಮಪ್ಪನ ಅಂಗಡಿಗೆ ಹೋದ.

ದ್ಯಾಮಪ್ಪ ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ಕ್ಷೌರದಂಗಡಿ ಇಟ್ಟವನು. ಪ್ಯೂನ್ ಆಗಷ್ಟೇ ಎದ್ದು ಹೋಗಿದ್ದ. ಗಣಪ ಹೆಗಡೆ ಕುರ್ಚಿಯಲ್ಲಿ ಕೂತು ಪೂರ್ತಿ ತೆಗೆ ಎಂದಾಗ ದ್ಯಾಮಪ್ಪ ಕತ್ತಿ ಕೆಳಗಿಟ್ಟು ಕೈಮುಗಿದ.

"ತಪ್ಪು ತಿಳೀಬ್ಯಾಡ್ರಿ ಹೆಗಡೇರ. ಮನ್ಯಾಗ ಅಮ್ಮಾರು ಬಸುರಿ ಅದಾರಂತ ಕೇಳೀನಿ. ನಾ ಗಡ್ಡ ತೆಗದ್ರ ಪಾಪ ನನಗ ಸುತ್ತಿಕೋತದ. ಹಡದ ತಂದಿ-ತಾಯಿ ತೀರಿಕೊಂಡ್ರ ಅಷ್ಟ ತೆಗೀಬಹುದ್ರಿ."

ಗಣಪ ಹೆಗಡೆಗೆ ವಾದಿಸುವ ತ್ರಾಣ ಉಳಿದಿರಲಿಲ್ಲ. ಬೆಳಗಿನಿಂದ ಹೇಳಿದ ಒಂದು ಮಾತನ್ನೂ ಯಾರೂ ನಂಬಿರಲಿಲ್ಲ. ಅವನು ಉಸಿರು ಬಿಟ್ಟು ತಲೆ ತಗ್ಗಿಸಿ ಸುಮ್ಮನೆ ಕೂತ. ಆ ತಗ್ಗಿದ ತಲೆಯನ್ನು ದ್ಯಾಮಪ್ಪ ಬಹಳ ಹೊತ್ತು ನೋಡಿದ. ಆಮೇಲೆ ತಾನೂ ಒಂದು ನಿಟ್ಟುಸಿರು ಬಿಟ್ಟು, ಕನಿಕರದಿಂದ ಸೋಪು ಹಚ್ಚಿ, ಗಡ್ಡ ಮೀಸೆ ಎರಡನ್ನೂ ತೆಗೆದ. ತಲಿ ಊರಾಗ ಬೋಳಿಸ್ಕೋತೀರೇನ್ರಿ ಎಂದು ಮೆತ್ತಗೆ ಕೇಳಿದ. ಗಣಪ ಹೆಗಡೆಗೆ ಅದು ಅರ್ಥವಾಗಲಿಲ್ಲ. ದ್ಯಾಮಪ್ಪ ದುಡ್ಡನ್ನೂ ಮುಟ್ಟಲಿಲ್ಲ. ಒಳ್ಳೆಯ ಮನುಷ್ಯ ಎಂದುಕೊಂಡು ಅವನು ಹೊರಬಿದ್ದ. ಬೆಂಚಿನಲ್ಲಿ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತವರು ಇಸಳೂರಿನವರು ಎಂಬುದನ್ನು ಅವನು ನೋಡಲಿಲ್ಲ.

ತರಕಾರಿ ಕೊಂಡು ಸಂಜೆಯ ಬಸ್ಸಿಳಿದು ಮನೆಗೆ ಬಂದರೆ ಅಂಗಳದ ತುಂಬ ಚಪ್ಪಲಿ. ಜಗುಲಿಯಲ್ಲಿ ಗಂಡಸರು ಮಾತಿಲ್ಲದೆ ಕೂತಿದ್ದರು. ಒಳಗೆ ಹೆಂಗಸರ ನಡುವೆ ಗಂಗಾ ಅಳುತ್ತಿದ್ದಳು. ತ್ಯಾಗಲಿಯ ಅತ್ತೆ-ಮಾವನ ಮನೆಗೆ ಎಷ್ಟು ಸಲ ಫೋನು ಮಾಡಿದರೂ ಯಾರೂ ಎತ್ತುತ್ತಿಲ್ಲ, ಅದೇ ಸಾಕ್ಷಿ ಎಂದು ತುಂಗಕ್ಕ ಎಲ್ಲರಿಗೂ ಹೇಳಿಯಾಗಿತ್ತು. ಗಣಪ ಹೆಗಡೆಯ ನುಣ್ಣನೆಯ ಮುಖ ಕಂಡೊಡನೆ ಉಳಿದ ಅನುಮಾನವೂ ಹೋಯಿತು. ಶಂಭಣ್ಣ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ತುಂಬು ಜೀವನ ನಡೆಸಿದವರು, ಗಟ್ಟಿ ಮನಸ್ಸು ಮಾಡಿಕೋ ಎಂದ. ಹೋದ ಗಡ್ಡಕ್ಕೆ ಇಷ್ಟು ಜನ ಸಂತಾಪಕ್ಕೆ ಬಂದದ್ದು ಕಂಡು ಗಣಪ ಹೆಗಡೆ ಕಕ್ಕಾಬಿಕ್ಕಿಯಾದ.

ಆಗ ಗೇಟು ಕಿರ್ರೆಂದಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಾಳೆಗೊನೆ ಹಿಡಿದು, ಎದೆಯವರೆಗೆ ಬಿಳಿ ಗಡ್ಡ ಬಿಟ್ಟ ಅವನ ಅಪ್ಪ ಸುಬ್ರಾಯ ಹೆಗಡೆ ಒಳಗೆ ಬಂದ. ಮೊಮ್ಮಗು ಬರುವ ಸುದ್ದಿ ಕೇಳಿದವನೇ ಬಸ್ಸು ಹತ್ತಿದ್ದ, ಸಂತೋಷದ ಸುದ್ದಿ ಹಂಚಲು ಅವನ ಹೆಂಡತಿ ತ್ಯಾಗಲಿಯಲ್ಲಿ ಮನೆಮನೆ ತಿರುಗುತ್ತಿದ್ದಳು. ತುಂಗಕ್ಕನ ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು. ಮುದುಕ ಯಾರನ್ನೂ ಗಮನಿಸಲಿಲ್ಲ. ಅವನ ಕಣ್ಣು ಮಗನ ಗಲ್ಲದ ಮೇಲೆ ನಿಂತಿತ್ತು.

"ಬಸುರಿ ಹೆಂಡತಿ ಮನೇಲಿ ಇಟ್ಕಂಡು ಗಡ್ಡ ತೆಗಸಿದ್ಯ? ಆನು ಸತ್ತಿದ್ದಿ ಹೇಳಿ ಮಾಡಿದ್ಯ?"

ಜಗುಲಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಗಣಪ ಹೆಗಡೆಗೆ ಇನ್ನು ತಡೆಯಲಾಗಲಿಲ್ಲ. ಅಪ್ಪ, ಹೆಂಡತಿ, ಅಕ್ಕಪಕ್ಕದವರೆಲ್ಲ ಇದ್ದ ಹಾಗೆಯೇ ಮೀಸೆಯಿಂದ ಮೂತ್ರದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಕೊನೆಗೆ, "ಆನು ರಾತ್ರಿ ಗೇಟು ನೋಡಲೆ ಏಳದಲ್ಲ" ಎಂದು ಗಂಗಾಳ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು. ಗಂಗಾ ಅಳು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. ಸಿಟ್ಟು ಮರೆತು ಅವನ ಕೈಯ ತರಕಾರಿ ಚೀಲ ಇಳಿಸಿಕೊಂಡಳು.

ಯಾರೂ ನಗಲಿಲ್ಲ. ಶಂಭಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಎಂಗೂ ಹಂಗೇ ಆಗ್ತು ಮಾರಾಯ. ಆನೂ ಗೇಟು ನೋಡಲೆ ಹೇಳೇ ಏಳ್ತೆ."

"ನಮ್ಮನಿಗೆ ಗೇಟೇ ಇಲ್ಲೆ," ಎಂದಳು ತುಂಗಕ್ಕ.

ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬನದು ನಾಯಿ ಬೊಗಳಿದ ನೆಪ, ಇನ್ನೊಬ್ಬನದು ಟ್ಯಾಂಕಿನ ನೀರು. ಇಸಳೂರಿಗೆ ಯಾಕೆ ಒಬ್ಬ ಕಳ್ಳನೂ ಬರುವುದಿಲ್ಲ ಎಂಬುದು ಅವತ್ತು ಹೆಂಗಸರಿಗೆಲ್ಲ ತಿಳಿಯಿತು. ಶಿಬಿರ ಆಗಲೇಬೇಕು ಎಂದು ಸುಬ್ರಾಯ ಹೆಗಡೆ ಬಾಳೆಹಣ್ಣು ಹಂಚುತ್ತ ಘೋಷಿಸಿದ. ಸುಜಯನಿಗೆ ಫೋನು ಹೋಯಿತು. ಮೀಸೆ ಹೋದ ಮೇಲೆ ಅಧ್ಯಕ್ಷರ ಮಾತೂ ಹೋಯಿತು, ಮೊದಲಿಂದ ಶುರುಮಾಡಬೇಕು ಎಂದ ಅವನು. ಹಾಗಾದರೆ ಎಲ್ಲರೂ ಸೇರಿಯೇ ಬಿಡೋಣ, ಒಬ್ಬನ ಮೀಸೆ ಹೋದರೂ ಇನ್ನೊಬ್ಬನದು ಉಳಿಯುತ್ತದೆ ಎಂದು ಶಂಭಣ್ಣ ಸೂಚಿಸಿದ. ಗಂಗಾ ಕೂಡ ಬೇಡ ಎನ್ನಲಿಲ್ಲ. ಡಿಸೆಂಬರ್ ಮೊದಲ ದಿನ ಇಸಳೂರಿನ ಗಂಡಸರು ಸಾಲಾಗಿ ಬೋಳಿಸಿಕೊಳ್ಳಲು ಬಂದಾಗ ದ್ಯಾಮಪ್ಪ ಗಾಬರಿಯಿಂದ ಊರಿನ ಮುದುಕರಿಗೆಲ್ಲ ಯಾವ ಜಡ್ಡು ಬಂದಿದೆ ಎಂದು ಕೇಳಿದ.

ಮತ್ತೆ ತಿಂಗಳ ನಡುವೆ ಬಂತು. ಎಲ್ಲರ ಮುಖದಲ್ಲೂ ಪೊಗದಸ್ತಾದ ಗಡ್ಡ. ಗಣಪ ಹೆಗಡೆ ಈಗಲೂ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದ, ನೆಪ ಹೇಳುವ ಕಷ್ಟವೊಂದು ತಪ್ಪಿತ್ತು. ಶಿಬಿರದ ದಿನ ನೋಡಿಕೊಂಡೇ ಹೋಗುತ್ತೇನೆಂದು ಉಳಿದುಕೊಂಡಿದ್ದ ಸುಬ್ರಾಯ ಹೆಗಡೆ ಒಂದು ಬೆಳಿಗ್ಗೆ ಜಗುಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ಹೊಸದಾಗಿ ಬಂದ ನರ್ಸ್ ತನುಜಾ ತೂಕದ ಯಂತ್ರ, ಕಬ್ಬಿಣಾಂಶದ ಮಾತ್ರೆಯ ಚೀಲ ಹಿಡಿದು ಗೇಟು ತೆಗೆದಳು. ಈ ಸಾಲಿನ ಎಲ್ಲ ಮನೆಯಲ್ಲೂ ಬಸುರಿಯರು ಇದ್ದಾರೆಂದು ಆಚೆ ಸಾಲಿನವರು ಆಸ್ಪತ್ರೆಗೆ ತಿಳಿಸಿದ್ದರಂತೆ. ಅವಳು ಗಂಗಾಳಿಗೆ ಒಂದು ಕಟ್ಟು ಮಾತ್ರೆ ಕೊಟ್ಟು, ತಿರುಗಿ ಮುದುಕನ ಎದೆಯವರೆಗಿನ ಬಿಳಿ ಗಡ್ಡವನ್ನು ನೋಡಿದಳು. ನೋಡಿ, ಚೀಲದಿಂದ ಇನ್ನೊಂದು ಕಟ್ಟು ತೆಗೆದಳು.

"ಅಜ್ಜಾರೇ, ನಿಮ್ಮ ಮನೆಯವರು ಎಲ್ಲಿದ್ದಾರೆ?"

"ತ್ಯಾಗಲಿಲಿ ಇದ್ದು," ಎಂದ ಸುಬ್ರಾಯ ಹೆಗಡೆ. "ಎಂತಕ್ಕೆ?"