ಉದಗೀರದ ಕೋಟೆ ತೋರಿಸಲು ಹೊರಟಿದ್ದು

ಪರದೇಶವೆಂದರೆ ನಾವು ವಿಮಾನ ಹತ್ತಿ ಹೋಗಬೇಕಾದ ಜಾಗ ಎಂದೇ ಇಷ್ಟು ವರ್ಷ ತಿಳಿದುಕೊಂಡಿದ್ದೆ. ಕನ್ನಡ-ಮರಾಠಿ ಗಡಿಯ ನಮ್ಮ ಉಮರ್ಗಾವೂ ಯಾರಿಗಾದರೂ ಪರದೇಶವಾಗಬಹುದು, ನಮ್ಮ ಬಸ್ ಸ್ಟ್ಯಾಂಡು ನೋಡಲೂ ಯಾರಾದರೂ ಬೆನ್ನಿಗೆ ಚೀಲ ಹಾಕಿಕೊಂಡು ಬಂದಾರು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯುವಂಥ ತಲೆಯೂ ಅಲ್ಲ ಬಿಡಿ. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಕೂತು ಅದರೊಳಗೆ ತೊಗರಿ, ಸೋಯಾಬೀನ್ ಬಿಟ್ಟು ಬೇರೇನೂ ಮೊಳೆಯುವುದಿಲ್ಲ ಎಂಬುದು ನನ್ನ ಹೆಂಡತಿಯ ಬಹುದಿನದ ಅಭಿಪ್ರಾಯ.

ಪುಣೆಯಲ್ಲಿ ಓದುವ ಮಗಳು ಕಾವೇರಿ ಒಂದು ದಿನ ಫೋನ್ ಮಾಡಿ, ಹಾಸ್ಟೆಲಿನ ಗೆಳತಿ ನೀಮಾಳನ್ನು ಶನಿವಾರ-ಭಾನುವಾರಕ್ಕೆ ಕರೆತರುತ್ತೇನೆ ಎಂದಳು. ನೀಮಾ ತಾಂಜಾನಿಯಾದವಳು. ಔಷಧಶಾಸ್ತ್ರ ಓದಲು ಬಂದು ಎರಡು ವರ್ಷವಾದರೂ ಪುಣೆ ಬಿಟ್ಟು ಬೇರೆ ಊರು ಕಂಡಿರಲಿಲ್ಲ. "ಅಪ್ಪಾ, ನಿಮ್ಮೂರಾಗ ನೈಟ್‌ಲೈಫ್ ಹ್ಯಾಂಗದ ಅಂತ ಕೇಳಲತ್ತಾಳ. ಒಂಬತ್ತಕ್ಕ ಎಲ್ಲಾರೂ ಮಕ್ಕೋತಾರ ಅಂದೀನಿ. ನೋಡೋದು ಏನದ ಅಂದ್ರ, ಏನೂ ಇಲ್ಲ ಅಂದೀನಿ."

ನನಗೆ ರೇಗಿತು. ಹುಟ್ಟಿದೂರಿನ ಮಾನವನ್ನು ಹೀಗೆ ಒಂದೇ ಮಾತಿಗೆ ತೆಗೆಯುವುದೇ? "ಏನೂ ಇಲ್ಲ ಅಂದ್ರ? ಉದಗೀರದ ಕೋಟಿ ಅದ! ಆಕಿಗಿ ಕೋಟಿ ತೋರಸ್ದೆ ವಾಪಸ್ ಕಳಸಾಂವ ಅಲ್ಲ ನಾ" ಎಂದು ಮಾತು ಕೊಟ್ಟುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಆ ಕೋಟೆಯನ್ನು ನಾನೇ ನೋಡಿಲ್ಲ. ಉದಗೀರಕ್ಕೆ ಹೋಗಿಲ್ಲವೆಂದಲ್ಲ. ಮದುವೆಗೆ ಹೋಗಿದ್ದೇನೆ, ಎತ್ತು ಕೊಳ್ಳಲು ಹೋಗಿದ್ದೇನೆ, ಕಾಕಾನಿಗೆ ಹೆಣ್ಣು ನೋಡಲು ಹೋಗಿ ಅವಲಕ್ಕಿ ತಿಂದು ಬಂದಿದ್ದೇನೆ. ಕೋಟೆ ಎಲ್ಲಿಗೆ ಓಡಿ ಹೋಗುತ್ತದೆ ಎಂದು ಪ್ರತಿ ಸಲವೂ ಮುಂದಕ್ಕೆ ಹಾಕಿದ್ದೆ.

ಶನಿವಾರದ ನೈಟ್‌ಲೈಫಿಗೆ ಯೆಣೆಗೂರ ಹತ್ತಿರದ ಧಾಬಾ ಗೊತ್ತು ಮಾಡಿದೆ. ಸಂಜೆ ಜೀಪು ಹತ್ತುವಾಗ ನೋಡಿದರೆ, ಹೆಂಡತಿ ಶಾಂತಾ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಕೂತಿದ್ದಾಳೆ. ಧಾಬಾಕ್ಕೆ ಊಟಕ್ಕೆ ಹೋಗುವವರು ಬುತ್ತಿ ಒಯ್ಯುವುದೇ ಎಂದೆ. "ಅವರು ಯಾವ ಎಣ್ಣಿ ಹಾಕ್ತಾರೋ ಯಾರಿಗ್ಗೊತ್ತರೀ? ಹಡದಾಕಿ ಅಲ್ಲೆಲ್ಲೋ ಸಮುದ್ರದಾಚಿ ಕುಂತಾಳ. ಕೂಸಿನ ಹೊಟ್ಟಿ ಕೆಟ್ರ ಆಕಿಗಿ ಏನಂತ ಹೇಳ್ಲಿ?" ಎಂದಳು. ಧಾಬಾದವನು ನಮ್ಮ ಕಡೆಯವನೇ, ಇಂಥ ಗಿರಾಕಿಗಳನ್ನು ಕಂಡವನು. ತಾಟು ಕೊಟ್ಟ, ಉಳ್ಳಾಗಡ್ಡಿ ಹೆಚ್ಚಿಕೊಟ್ಟ, ಕೊನೆಗೆ ತನಗೂ ಎರಡು ರೊಟ್ಟಿ ಇಸಿದುಕೊಂಡ.

ಊಟವಾದ ಮೇಲೆ ನೀಮಾ ಮಗಳ ಕಿವಿಯಲ್ಲಿ ಏನೋ ಕೇಳಿದಳು. ಸಂಗೀತವಿಲ್ಲವೇ ಎಂದಳಂತೆ. ಅದಕ್ಕೂ ನಾನು ವ್ಯವಸ್ಥೆ ಮಾಡಿದ್ದೆ. ಆ ಊರಿನ ಬೀರಣ್ಣ ಕುರಿ ಸಾಕುವವನು, ಬೀರಪ್ಪನ ಭಕ್ತ, ನನ್ನ ಹಳೆಯ ದೋಸ್ತ. ಹೆಗಲಿಗೆ ಡೊಳ್ಳು ಹಾಕಿಕೊಂಡು ಬಂದವನೇ, "ದೇವರ ಡೊಳ್ಳು ಧಾಬಾಕ್ಕ ತರಬಾರ್ದು. ಇದು ಹುಡುಗರು ಕಲಿಯೋ ಡೊಳ್ಳರಿ" ಎಂದು ಮೊದಲೇ ಬಿಡಿಸಿ ಹೇಳಿದ. ನಂತರ ಬಾರಿಸಿದ ನೋಡಿ, ಟ್ರಕ್ಕಿನವರೆಲ್ಲ ಚಾ ಲೋಟ ಹಿಡಿದುಕೊಂಡೇ ಎದ್ದು ಬಂದರು. ನೀಮಾ ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿದಳು, ಆಮೇಲೆ ಕುಣಿದಳು. ಕಾವೇರಿ ಕುಣಿದಳು. ಮದುವೆಯ ಮೆರವಣಿಗೆಯಲ್ಲೂ ಕುಣಿಯದ ನನ್ನ ಶಾಂತಾ, ಖಾಲಿ ಬುತ್ತಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾಲ್ಕು ಹೆಜ್ಜೆ ಹಾಕಿದಳು. ಮನೆ ಮುಟ್ಟಿದಾಗ ಒಂಬತ್ತು ದಾಟಿ ಎಷ್ಟೋ ಹೊತ್ತಾಗಿತ್ತು ಎಂದು ಮಗಳಿಗೆ ಬೇಕೆಂದೇ ಎರಡು ಸಲ ಹೇಳಿದೆ.

ಭಾನುವಾರ ಬೆಳಿಗ್ಗೆ ಬೇಗನೆ ಹೊರಟೆವು. ರಾತ್ರಿ ಉಮರ್ಗಾದಿಂದ ಅವರಿಗೆ ಪುಣೆಯ ಬಸ್ಸು, ಮರುದಿನ ನೀಮಾಳ ಪರೀಕ್ಷೆ. ಕೋಟೆಗೆ ಇದ್ದುದು ಅದೊಂದೇ ಹಗಲು. ಕಾಸಾರಶಿರಸಿ ದಾಟಿದೆವು, ನಿಲಂಗಾ ಬಂತು. ನಿಲಂಗಾದಲ್ಲಿ ನಮ್ಮ ಅಕ್ಕನ ಮನೆ. ಬಾಗಿಲ ಮುಂದಿನಿಂದ ಹಾದು ಒಳಗೆ ಹೋಗದಿದ್ದರೆ ಅವಳು ವರ್ಷಗಟ್ಟಲೆ ಮಾತು ಬಿಡುವವಳು. ಒಂದು ಕಪ್ಪು ಚಾ ಕುಡಿದು ಏಳೋಣ ಎಂದು ಜೀಪು ನಿಲ್ಲಿಸಿದೆ. ಅಲ್ಲಿಗೆ ನನ್ನ ಕಾರ್ಯಕ್ರಮ ನನ್ನ ಕೈಬಿಟ್ಟಿತು.

ಅಕ್ಕ ಹುಡುಗಿಯನ್ನು ನೋಡಿದವಳೇ ಕೈ ಹಿಡಿದು ಒಳಗೆ ಕರೆದೊಯ್ದು ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ ತಿನ್ನಿಸಿದಳು. "ಗುಬ್ಬಿ ತಿಂದಂಗ ತಿಂತಿ! ಇಷ್ಟರಾಗ ಓದೋದು ತಲಿಗಿ ಹ್ಯಾಂಗ ಹತ್ತಬೇಕು?" ಎಂದು ಗದರಿಸಿ ಮತ್ತೊಂದು ತಾಟು ಬಡಿಸಿದಳು. ನಾನು ಏಳುತ್ತಲೇ ಕಣ್ಣು ಕೆಂಪಗೆ ಮಾಡಿದಳು. "ತಮ್ಮಾ, ಬುದ್ಧಿ ಎಲ್ಲಿ ಇಟ್ಟು ಬಂದಿ? ಹೆಣ್ಮಗಳಿಗಿ ಖಾಲಿ ಉಡೀಲೆ ಕಳಸ್ತಾರೇನು?"

ಉಡಿ ತುಂಬಬೇಕು, ಸರಿ. ಆದರೆ ನೀಮಾ ತೊಟ್ಟದ್ದು ಜೀನ್ಸ್ ಪ್ಯಾಂಟು. ಸೆರಗಿಲ್ಲದೆ ಉಡಿ ಎಲ್ಲಿಂದ ಬರಬೇಕು? ಅಕ್ಕ ಟ್ರಂಕು ತೆಗೆದು ತನ್ನ ಮದುವೆಯ ಇಳಕಲ್ ಸೀರೆಯನ್ನೇ ಆ ಪ್ಯಾಂಟಿನ ಮೇಲೆ ಉಡಿಸಿದಳು. ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಉತ್ತತ್ತಿ, ಕುಪ್ಪಸದ ಖಣ ಹಾಕಿದಳು. ಅಷ್ಟರಲ್ಲಿ ಸುದ್ದಿ ಓಣಿಗೆ ಮುಟ್ಟಿತ್ತು. ಒಬ್ಬರ ಮನೆಯಲ್ಲಿ ಉಡಿ ತುಂಬಿಸಿಕೊಂಡು ಇನ್ನೊಬ್ಬರ ಬಾಗಿಲು ದಾಟಿ ಹೋಗುವುದುಂಟೇ? ಪ್ರತಿ ಮನೆಯಲ್ಲೂ ಚಾ, ಪ್ರತಿ ಮನೆಯಲ್ಲೂ ಕಾಯಿ. ಉಡಿಯ ಅಕ್ಕಿ ಚೆಲ್ಲಬಾರದೆಂದು ನೀಮಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ತುಂಬು ಬಸುರಿಯ ಹಾಗೆ ಹೆಜ್ಜೆ ಇಡುತ್ತಿದ್ದಳು. ನಾನು ಗಡಿಯಾರ ನೋಡಿದಾಗಲೆಲ್ಲ ಅಕ್ಕ ನನ್ನನ್ನು ನೋಡುತ್ತಿದ್ದಳು.

ಉದಗೀರ ಮುಟ್ಟುವ ಹೊತ್ತಿಗೆ ಕೋಟೆಯ ಬಾಗಿಲು ಹಾಕಿತ್ತು. ಕಾವಲಿನವನು "ಬಂದ್ ಝಾಲಾ, ಉದ್ಯಾ ಯಾ" ಎಂದ, ಮುಚ್ಚಿತು, ನಾಳೆ ಬನ್ನಿ ಎಂದು. ನಾಳೆ ಬರುವುದಾಗುವುದಿಲ್ಲ, ಮನೆಗೆ ಬಂದ ಪಾವಣಿ ತಾಂಜಾನಿಯಾದವಳು ಎಂದು ಗೋಗರೆದೆ. ಅಷ್ಟು ದೂರದಿಂದ ಬಂದವರು ಇನ್ನೊಂದು ತಾಸು ಮೊದಲು ಬರಬಾರದಿತ್ತೇ ಎಂದು ಅವನು ನಿಜವಾದ ಮರುಕದಿಂದ ಕೇಳಿದ. ಬಾಗಿಲು ತೆಗೆಯಲಿಲ್ಲ, ಚಾ ತರಿಸಿದ.

ನನಗೆ ಅಳುವೇ ಬಂದಂತಾಯಿತು. ಮುಚ್ಚಿದ ಬಾಗಿಲ ಮುಂದೆ ತುಂಬಿದ ಉಡಿ ಹಿಡಿದು ನಿಂತ ಹುಡುಗಿಗೆ, ತಪ್ಪಾಯಿತು ತಾಯಿ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ಕೋಟೆ ಎಲ್ಲಿಗೆ ಓಡಿ ಹೋಗುತ್ತದೆ ಎಂದು ನಾನೂ ಇದುವರೆಗೆ ಇದನ್ನು ನೋಡಿದವನಲ್ಲ ಎಂದೆ. ಕಾವೇರಿ ಅದನ್ನು ತಿಳಿಸಿದಳು. ನೀಮಾ ಉಡಿಯನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡು ಏನೋ ಹೇಳಿದಳು, ಅದನ್ನು ನನಗೆ ತಿಳಿಸುವಾಗ ಮಗಳ ಧ್ವನಿ ಸಣ್ಣಗಾಯಿತು. "ಅಪ್ಪಾ, ಪುಣೆದಾಗ ಮಂದಿ ಆಕಿ ಬಾಜೂಕ ನಿಂತು ಫೋಟೊ ಹೊಡ್ಕೋತಾರಂತ, ಹೆಸರು ಸೈತ ಕೇಳಲ್ಲಂತ. ಅತ್ತಿ ಬೈದಂಗ ಆಕಿ ಅವ್ವ ಬೈತಾಳಂತ. ಎರಡು ವರ್ಷ ಆಯ್ತಂತ, ಊಟ ಬಿಟ್ಟಿದ್ದಕ್ಕ ಯಾರೂ ಬೈದಿಲ್ಲಂತ." ನಾನು ಕೋಟೆಯ ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಂತೂ ಒಂದಿಷ್ಟು ಕೋಟೆ ನೋಡಿದಂತಾಯಿತು.

ನೀಮಾ ಹಟದವಳು. ಮುಂದೆ ರಜೆ ಸಿಕ್ಕಾಗ ಗೆಳತಿಯರನ್ನು ಕಟ್ಟಿಕೊಂಡು, ಕಾವೇರಿ ಹೇಳಿಕೊಟ್ಟಂತೆ ನಿಲಂಗಾ ತಪ್ಪಿಸಿ ಲಾತೂರ ಮಾರ್ಗವಾಗಿ ಉದಗೀರಕ್ಕೆ ಹೋಗಿ, ಕೋಟೆಯ ಮೂಲೆ ಮೂಲೆಯ ಫೋಟೊ ನನಗೆ ಕಳಿಸಿದಳು. ಜೊತೆಗೆ ಕಷ್ಟಪಟ್ಟು ಕಲಿತ ಒಂದೇ ಕನ್ನಡ ವಾಕ್ಯವಿತ್ತು: "ಕಾಕಾ, ಕೋಟಿ ಓಡಿ ಹೋಗಿಲ್ಲ." ಈಗ ಅಂಗಡಿಗೆ ಬಂದ ಗಿರಾಕಿಗಳಿಗೆ ಆ ಫೋಟೊ ತೋರಿಸಿ, ನಮ್ಮ ಭಾಗದ ಕೋಟೆಯ ಬಗ್ಗೆ ಎದೆಯುಬ್ಬಿಸಿ ವಿವರಿಸುತ್ತೇನೆ. ನೀವು ಯಾವಾಗ ನೋಡಿದಿರಿ ಎಂದು ಯಾರೋ ಕೇಳಿದಾಗ ಮಾತ್ರ ಫೋನು ಜೇಬಿಗಿಟ್ಟು ತೊಗರಿ ಬೀಜ ತೂಗತೊಡಗಿದೆ. ತಾಂಜಾನಿಯಾದವಳು ನೋಡಿದ್ದನ್ನು ಉಮರ್ಗಾದವನು ನೋಡಬಾರದೇ ಎಂದು ಹೋದ ಭಾನುವಾರ ಗಟ್ಟಿ ಮನಸ್ಸು ಮಾಡಿ ಒಬ್ಬನೇ ಹೊರಟೆ. ನಿಲಂಗಾದಲ್ಲಿ ಅಕ್ಕ ಚಾಕ್ಕೆ ಇಟ್ಟಿದ್ದಳು.